ಮೂವತ್ತೊಂಬತ್ತು ಅಂಕಿಗಳ ಅಂಜಿಕೆ

ಬೆಳಗಿನ ಆರು ಗಂಟೆ. ಪುಣೆಯ ಶನಿವಾರ ಪೇಠದ ಸಣ್ಣ ಮುದ್ರಣಾಲಯವೊಂದರಲ್ಲಿ ಚಂದಮ್ಮ ಒಬ್ಬರೇ ನಿಂತು, ನಿನ್ನೆ ಜೋಡಿಸಿಟ್ಟ ಪರೀಕ್ಷಾ ಫಲಿತಾಂಶದ ಸಾಲುಗಳನ್ನು ಓದುತ್ತಿದ್ದಾರೆ. ಅಚ್ಚಿನ ಸೀಸದ ಮೊಳೆಗಳ ಮೇಲೆ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಒಮ್ಮೆ ಓದಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಕೆಲಸ ಆರಂಭವಾಗುವುದು ಎಂಟಕ್ಕೆ.

ಇವರು ಅಫಜಲಪುರದ ಕಡೆಯವರು. ಗಂಡ ಕಾಶಪ್ಪನ ಜೊತೆ ಪುಣೆಯದೇ ಕೋಥರೂಡಕ್ಕೆ ಕಟ್ಟಡ ಕೆಲಸಕ್ಕೆ ಬಂದರು. ಬುಟ್ಟಿ ಹೊತ್ತು ಸೊಂಟ ಹಿಡಿದುಕೊಂಡ ಮೇಲೆ ಇಲ್ಲಿ ಕಸ ಗುಡಿಸಲು ಸೇರಿದರು. ನೆಲಕ್ಕೆ ಬಿದ್ದ ಮೊಳೆಗಳನ್ನು ಆಯ್ದು ಖಾನೆಗೆ ಹಾಕುತ್ತ ಅಂಕಿ ಕಲಿತರು. ಅಕ್ಷರ ಇವತ್ತಿಗೂ ಬಾರದು. ಆದರೆ ಹನ್ನೆರಡು ವರ್ಷಗಳಿಂದ ದಿನಕ್ಕೆ ಸುಮಾರು ಮೂರು ಸಾವಿರ ಅಂಕಿಗಳನ್ನು ಇವರ ಬೆರಳುಗಳೇ ಜೋಡಿಸುತ್ತಿವೆ.

ಹೋದ ವರ್ಷ, ೧೯೮೩ರಲ್ಲಿ, ಗಣಿತದ ಪ್ರಾಧ್ಯಾಪಕ ಭುಜಂಗರಾಯರು ಒಂದು ಪುಸ್ತಿಕೆ ಅಚ್ಚಿಗೆ ಕೊಟ್ಟರು. ಅದರಲ್ಲಿ ಮೂವತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆಯಿತ್ತು. ಎರಡನ್ನು ಎರಡರಿಂದ ಗುಣಿಸುತ್ತ ನೂರಿಪ್ಪತ್ತೇಳನೆಯ ಘಾತಕ್ಕೆ ಹೋಗಿ ಒಂದು ಕಳೆದರೆ ಬರುವ ಸಂಖ್ಯೆ. ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗದು. ಧಾರವಾಡದವರಾದ ರಾಯರು ಇದನ್ನು ಚಂದಮ್ಮನಿಗೆ ಕನ್ನಡದಲ್ಲೇ ವಿವರಿಸಿದ್ದರು. ಅಂದಿನಿಂದಲೇ ಚಂದಮ್ಮನ ಸಮಾಧಾನ ಹೋಯಿತು.

“ಮದವಿ ಪತ್ರಿಕ್ಯಾಗ ತಾರೀಖು ತಪ್ಪಿದ್ರ ಮಂದಿ ಬಂದು ಬೈತಾರ್ರಿ. ಇದು ತಪ್ಪಿದ್ರ ಯಾರಿಗೂ ಗೊತ್ತೇ ಆಗಂಗಿಲ್ಲ. ಅದಕ್ಕ ಭಾಳ ಅಂಜಿಕಿ ಬಂತು.”

ಕರಡು ತಿದ್ದಿದ ಮೇಲೆ, ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿಯುವಾಗ ಆ ಸಾಲಿನ ಕೊನೆ ಕಳಚಿ ಬಿತ್ತು. ಚಂದಮ್ಮ ಮತ್ತೆ ಜೋಡಿಸಿದರು. ರಾಯರು ಬಂದು ಅಂಕಿಗಳನ್ನೆಲ್ಲ ಕೂಡಿ ನೋಡಿದರು. ಒಟ್ಟು ನೂರ ಐವತ್ನಾಲ್ಕು, ಸರಿಯಾಗಿತ್ತು. ಮಾಲೀಕ ಮಧುಕರ ಅಚ್ಚಿಗೆ ಒಪ್ಪಿಗೆ ಕೊಟ್ಟರು.

ರಾತ್ರಿಯೆಲ್ಲ ನಿದ್ದೆಯಿಲ್ಲದ ಚಂದಮ್ಮ ಮರುದಿನ ನಸುಕಿನಲ್ಲೇ ಓಡಿ ಬಂದಾಗ ಯಂತ್ರ ನಡೆಯುತ್ತಿತ್ತು. ನಿಲ್ಲಿಸಿ ಅಂದರು. ಇನ್ನೂರು ಹಾಳೆ ಆಗಲೇ ಅಚ್ಚಾಗಿದ್ದವು. ಪುಸ್ತಿಕೆ ಅಂದೇ ಮಧ್ಯಾಹ್ನದ ಸಮ್ಮೇಳನಕ್ಕೆ ಬೇಕಿದ್ದರಿಂದ ಕೆಲಸ ಬೇಗ ಶುರುವಾಗಿತ್ತು. ಮಧುಕರ ಸಿಟ್ಟಾದರು. ಲೆಕ್ಕದವರೇ ಸರಿ ಅಂದ ಮೇಲೆ ನಿನ್ನದೇನು, ಇದರಲ್ಲಿ ತಪ್ಪು ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದು ಮರಾಠಿಯಲ್ಲಿ ಗದರಿದರು.

“ಒಟ್ಟು ಸರಿ ಅದರಿ,” ಅಂದರಂತೆ ಚಂದಮ್ಮ. “ಅಂಕಿ ಜಾಗಾ ಬದಲಾದ್ರೂ ಒಟ್ಟು ಅಷ್ಟೇ ಬರ್ತದಲ್ರಿ.”

ಹಸ್ತಪ್ರತಿಯ ಪಕ್ಕ ಹಾಳೆಯಿಟ್ಟು ಒಂದೊಂದೇ ಅಂಕಿ ಮುಟ್ಟುತ್ತ ಹೋದರು. ಕೊನೆಯ ಕಡೆ 884105727 ಇರಬೇಕಾದಲ್ಲಿ 884015727 ಇತ್ತು. ಒಂದು ಮತ್ತು ಸೊನ್ನೆ ಅದಲುಬದಲಾಗಿದ್ದವು.

ಸುದ್ದಿ ತಿಳಿದು ಬಂದ ರಾಯರು ಕೆಟ್ಟ ಹಾಳೆಯ ಬೆನ್ನ ಮೇಲೆಯೇ ಭಾಗಾಕಾರಕ್ಕೆ ಕೂತರು. ತಪ್ಪು ಸಂಖ್ಯೆ ಏಳರಿಂದ ಭಾಗವಾಗಿ ಹೋಯಿತು. ಶೇಷ ಸೊನ್ನೆ. ಮಧುಕರ ತಾವೇ ಹೊಸ ಕಾಗದ ತಂದು ಯಂತ್ರದ ಬಳಿ ಇಟ್ಟರು.

ಈಗ ಓಣಿಯ ಎರಡು ಮುದ್ರಣಾಲಯಗಳು ಸೀಸ ಮಾರಿ, ಮೊಳೆ ಜೋಡಿಸುವುದೇ ಬೇಡದ ಆಫ್‌ಸೆಟ್‌ ಯಂತ್ರ ತಂದಿವೆ. ಇಲ್ಲಿ ಯಾವಾಗ ಎಂದು ಕೇಳಲು ಚಂದಮ್ಮನಿಗೆ ಧೈರ್ಯವಿಲ್ಲ. ಆ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಗಿಂತ ಎಷ್ಟೋ ದೊಡ್ಡ ಅವಿಭಾಜ್ಯ ಸಂಖ್ಯೆಗಳಿವೆ, ಬರೆದರೆ ಪುಟಗಟ್ಟಲೆ ತುಂಬುತ್ತವೆ ಎಂದು ರಾಯರು ಹೇಳಿದ್ದಾರೆ.

“ಅಂಥಾದ್ದು ಬಂದ್ರ ನನಗ ಕೊಡ್ರಿ ಅಂತ ಹೇಳೀನಿ,” ಅನ್ನುತ್ತಾರೆ ಚಂದಮ್ಮ. “ನಿದ್ದಿ ಬರೂದಿಲ್ಲ, ಗೊತ್ತದ. ಆದ್ರ ಮಾಡ್ತೀನ್ರಿ.”