ತಾತ್‌ಪುರ

ಆಗಿನ್ನೂ ನಾಗಪುರದ ಬೇಸಗೆ ಮೊದಲು ಮೂಗಿಗೆ ತಿಳಿಯುತ್ತಿದ್ದ ಕಾಲ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಏಪ್ರಿಲ್ ಬಂತೆಂದರೆ ಮನೆಮನೆಯ ಕಿಟಕಿಗೂ ತಗಡಿನ ಕೂಲರ್ ಏರುತ್ತಿತ್ತು. ಅದರ ಲಾವಂಚದ ತಟ್ಟಿಗೆ ನೀರು ತಾಗಿದ ಕೂಡಲೇ ಬೀದಿಯೆಲ್ಲ ಘಮ್ಮೆನ್ನುತ್ತಿತ್ತು. ಬಿಸಿಗಾಳಿ ಬಡಿಯಬಾರದೆಂದು ಮಕ್ಕಳ ಜೇಬಿನಲ್ಲಿ ಒಂದೊಂದು ಈರುಳ್ಳಿ ಇರಲೇಬೇಕು. ಕುಂಟೆಬಿಲ್ಲೆ ಆಡುವಾಗ ನಾವೆಲ್ಲ ಈರುಳ್ಳಿ ವಾಸನೆಯ ಹುಡುಗಿಯರೇ. ಇದನ್ನೋದಿ ನಗುವವರು ಮೇ ತಿಂಗಳ ನಾಗಪುರ ನೋಡಿಲ್ಲವೆಂದೇ ಅರ್ಥ.

ನನಗೆ ಎಂಟು ವರ್ಷ. ಅಪ್ಪನಿಗೆ ಮೈಸೂರಿನಿಂದ ಇಲ್ಲಿನ ಕಾರ್ಖಾನೆಗೆ ವರ್ಗವಾಗಿ ವರ್ಷವಾಗಿತ್ತು. ಊರಂಚಿನ ವಾಡಿಯ ಹತ್ತಿರ ಕ್ವಾರ್ಟರ್ಸು. ಅಪ್ಪ ಅಮ್ಮ ಮಾತು ಬಿಟ್ಟು ಎಷ್ಟೋ ವಾರಗಳಾಗಿದ್ದವು. ಕಾರಣವನ್ನು ಯಾರೂ ನನಗೆ ಹೇಳಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. "ಅಪ್ಪಂಗೆ ಊಟಕ್ಕೆ ಬರಬೇಕಂತೆ ಅನ್ನು", "ಅಮ್ಮಂಗೆ ಹಸಿವಿಲ್ಲವಂತೆ ಅನ್ನು" ಎಂದು ಮನೆ ನನ್ನ ಮೂಲಕವೇ ನಡೆಯುತ್ತಿತ್ತು. ನನಗೋ ಅದೊಂದು ದೊಡ್ಡ ಅಧಿಕಾರವೆನ್ನಿಸಿತ್ತು, ದಡ್ಡಿ.

ಒಂದು ದಿನ ಇಬ್ಬರೂ ನನ್ನನ್ನು ಸೀತಾಬರ್ಡಿಯ ವಕೀಲರೊಬ್ಬರ ಬಳಿ ಕರೆದುಕೊಂಡು ಹೋದರು. ಅಲ್ಲಿ ತೀರ್ಮಾನವಾದದ್ದು ಇಷ್ಟು: ಅಮ್ಮ ಪ್ರತಾಪ ನಗರದಲ್ಲಿ ಕೋಣೆ ಹಿಡಿಯುವುದು. ನಾನು ವಾರವೆಲ್ಲ ಅಮ್ಮನ ಹತ್ತಿರ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಅಪ್ಪನ ಹತ್ತಿರ. ಹೊಲಿಗೆ ಮೆಷಿನ್ ಅಮ್ಮನಿಗೆ, ಮಂಚ ರೇಡಿಯೋ ಅಪ್ಪನಿಗೆ ಎಂದು ವಕೀಲರು ಬರೆಯುತ್ತಾ ಹೋದರು. ಕೂಲರ್ ಹತ್ತಿರ ಪೆನ್ನು ನಿಂತಿತು.

"ಅದು ಅವರ ಹತ್ರಾನೇ ಇರಲಿ. ಕ್ವಾರ್ಟರ್ಸ್ ತಾರಸಿ ಕಾದ ಕಾವಲಿ ಥರ ಇರತ್ತೆ," ಎಂದಳು ಅಮ್ಮ, ಗೋಡೆ ನೋಡುತ್ತಾ.

"ಮಗು ಮಲಗೋ ಕಡೆ ಇರಲಿ," ಎಂದ ಅಪ್ಪ, ಅವನೂ ಗೋಡೆಗೇ.

ಕನ್ನಡ ಬಾರದ ವಕೀಲರಿಗೆ ಅಪ್ಪ ಹಿಂದಿಯಲ್ಲಿ ತಿಳಿಸಿದ. ಜನ ಕಿತ್ತುಕೊಳ್ಳಲು ಜಗಳವಾಡುವುದನ್ನು ಕಂಡಿದ್ದೆ, ಕೊಡಲು ಜಗಳವಾಡುವವರನ್ನು ಈಗ ಕಂಡೆ ಎಂದು ಅವರು ಗೊಣಗಿ, ಕೂಲರನ್ನು ಅಮ್ಮನ ಪಾಲಿಗೆ ಬರೆದರು. ನನ್ನ ಮುಖ ನೋಡಿ ಮರಾಠಿಯಲ್ಲಿ, "ರಡೂ ನಕೋ ಬೇಟಾ. ಹೀ ವ್ಯವಸ್ಥಾ ತಾತ್ಪುರತೀ ಆಹೆ," ಎಂದರು. ಅಳಬೇಡ ಎಂದದ್ದು ತಿಳಿಯಿತು. ಮಿಕ್ಕದ್ದರಲ್ಲಿ ನನಗೆ ಕೇಳಿಸಿದ್ದು ‘ವ್ಯವಸ್ಥೆ’ ಮತ್ತು ‘ತಾತ್‌ಪುರ’. ಮೈಸೂರಿನಲ್ಲಿ ಅಮ್ಮನ ಅಪ್ಪ, ನನ್ನ ತಾತ ಇದ್ದರಲ್ಲ! ನಾಗಪುರ ಇರಬಹುದಾದರೆ ತಾತ್‌ಪುರ ಏಕಿರಬಾರದು?

ಮನೆಗೆ ಬಂದವಳೇ ಎರಡು ಫ್ರಾಕು, ಕುಂಟೆಬಿಲ್ಲೆ ಆಡುವ ನನ್ನ ಬಿಲ್ಲೆ ಎಲ್ಲ ಚೀಲಕ್ಕೆ ತುಂಬಿದೆ. "ತಾತ್‌ಪುರಕ್ಕೆ ಯಾವತ್ತು ಹೊರಡೋದು? ವ್ಯವಸ್ಥೆ ಎಲ್ಲ ಆಗಿದೆಯಂತಲ್ಲ!"

ಅಮ್ಮ ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಬಾಯಿಗೆ ಸೆರಗೊತ್ತಿ, ಅಪ್ಪ ಬಾಗಿಲು ಹಿಡಿದು, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಏನೋ ನೆನಪಾದವರಂತೆ ಇಬ್ಬರೂ ಸುಮ್ಮನಾದರು.

"ತಾತ್ಪುರತಾ ಅಂದ್ರೆ ಸ್ವಲ್ಪ ದಿನಕ್ಕೆ ಮಾತ್ರ ಅಂತ, ಪುಟ್ಟಿ," ಎಂದ ಅಪ್ಪ.

ಆ ಸ್ವಲ್ಪ ದಿನಕ್ಕೆ ನಾನೇ ಒಂದು ಗಡುವು ಗೊತ್ತುಮಾಡಿದೆ: ಮಳೆ. ಮಳೆ ಬಂದರೆ ಕೂಲರ್ ಇಳಿಸುತ್ತಾರೆ, ಕೂಲರ್ ಕ್ವಾರ್ಟರ್ಸಿಗೆ ಹೋಗುತ್ತದೆ, ಅದರ ಹಿಂದೆ ನಾನು, ಅಮ್ಮ. ಅಲ್ಲಿಯವರೆಗೆ ಪ್ರತಾಪ ನಗರದಿಂದ ಕ್ವಾರ್ಟರ್ಸಿಗೆ ಹೋಗಿಬರುತ್ತಾ ಶನಿವಾರಗಳನ್ನು ದೂಡಿದೆ. ಅಪ್ಪ ಕಿಟಕಿಗೆ ಒದ್ದೆ ಹೊದಿಕೆ ಕಟ್ಟಿ, ಬೇಯಿಸಿದ ಮಾವಿನಕಾಯಿಯ ಪಾನಕ ಮಾಡಿಕೊಡುತ್ತಿದ್ದ. ಭಾನುವಾರ ಸಂಜೆ ಅಮ್ಮ ನನ್ನ ಜಡೆ ಹೆಣೆಯುತ್ತಾ, "ಅಪ್ಪಂಗೆ ನಿದ್ದೆ ಬರತ್ತಂತಾ ಸೆಕೇಲಿ?" ಎನ್ನುತ್ತಿದ್ದಳು. "ನೀನೇ ಬಂದು ಕೇಳು," ಎನ್ನುತ್ತಿದ್ದೆ ನಾನು. ಜಡೆ ಬಿಗಿಯಾಗುತ್ತಿತ್ತು.

ಜೂನ್‌ನಲ್ಲಿ ಮಳೆ ಬಂತು. ಕೂಲರ್ ಇಳಿಸುವುದು ಅಮ್ಮನೊಬ್ಬಳಿಂದ ಆಗದೆಂದು ಅಪ್ಪ ಪ್ರತಾಪ ನಗರಕ್ಕೆ ಬಂದ. ನಾನು ಚೀಲ ತುಂಬಿಕೊಂಡು ಹೊಸ್ತಿಲ ಬಳಿ ಕುಳಿತೆ. ಅಪ್ಪ ನೀರು ಚೆಲ್ಲಿದ, ತಟ್ಟಿ ಬಿಚ್ಚಿದ, ಎಲ್ಲವನ್ನೂ ಒರೆಸಿ ಗೋಣಿಯಲ್ಲಿ ಸುತ್ತಿದ. ಆಮೇಲೆ ಸ್ಟೂಲ್ ಹತ್ತಿ ಅಮ್ಮನ ಕೋಣೆಯ ಅಟ್ಟಕ್ಕೇ ಏರಿಸಿಬಿಟ್ಟ.

"ಅಪ್ಪಾ, ಮನೆಗೆ ತಗೊಂಡ್ ಹೋಗಲ್ವಾ?"

"ಮುಂದಿನ ಬೇಸಗೇಗೂ ನಿಂಗೆ ಇಲ್ಲೇ ಬೇಕಲ್ವೇನೇ," ಎಂದ, ಕೆಳಗಿಳಿಯದೆ.

ಅಮ್ಮ ಕಾಫಿ ತಂದಳು. ಕ್ವಾರ್ಟರ್ಸಿನಲ್ಲಿ ಅಪ್ಪ ಕುಡಿಯುತ್ತಿದ್ದುದು ದೊಡ್ಡ ಸ್ಟೀಲ್ ಲೋಟದಲ್ಲಿ. ಕಪ್-ಸಾಸರ್ ಏನಿದ್ದರೂ ಬಂದವರಿಗೆ. ಅಮ್ಮ ತಂದದ್ದು ಕಪ್-ಸಾಸರಿನಲ್ಲಿ. "ತಗೊಳ್ಳಿ," ಎಂದಳು. ಅಪ್ಪ ಒಂದು ಗಳಿಗೆ ಅದನ್ನೇ ನೋಡಿ, ಕುರ್ಚಿಯ ತುದಿಯಲ್ಲಿ ಕುಳಿತು ಕುಡಿದ. ನಾನು ಒಳಗೆ ಹೋಗಿ ಚೀಲ ಖಾಲಿ ಮಾಡಿದೆ.

ವಕೀಲರ ಆ ಕಾಗದವನ್ನು ಯಾರೂ ಹರಿಯಲಿಲ್ಲ, ಕಾಯಂ ಕೂಡ ಮಾಡಿಸಲಿಲ್ಲ. ಇಬ್ಬರೂ ತೀರಿಕೊಳ್ಳುವವರೆಗೂ ಅದು ತಾತ್ಪುರತಾ ಆಗಿಯೇ ಉಳಿಯಿತು. ಈಗ ನನ್ನ ಮನೆಯಲ್ಲಿ ಏಸಿ ಇದೆ, ಅದಕ್ಕೆ ಯಾವ ವಾಸನೆಯೂ ಇಲ್ಲ. ನನ್ನ ಮರಾಠಿಯಲ್ಲಿ ಯಾರೂ ತಪ್ಪು ಹಿಡಿಯಲಾರರು. ಅವರಿಬ್ಬರೂ ಒಟ್ಟಿಗೆ ನಕ್ಕದ್ದು ತಾತ್‌ಪುರದ ಆ ಸಂಜೆಯೇ ಕಡೆ. ಆಗಲೇ ಗೊತ್ತಿದ್ದರೆ, ಅವರು ಸುಮ್ಮನಾಗುವ ಮೊದಲೇ ಇನ್ನೊಂದು ತಪ್ಪು ಮಾತಾಡಿಬಿಡುತ್ತಿದ್ದೆ.