ಮಾಸೂರು ಮುಟ್ಟಿದ ಕಾರು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿದವನು. ಕೆಟ್ಟದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕುವವನಿಗೆ ತಾಳ್ಮೆ ಬೇಕು ಎಂದು ಹೇಳಿಕೊಂಡು ತಿರುಗಿದೆ. ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ಆರೇಳು ವರ್ಷದ ಹಿಂದಿನ ಮಾತು. ಸಂತೆಯಲ್ಲಿ ಬಳೆ ಮಾರುವ ಪಕ್ಕದ ಮನೆಯ ಹಸೀನಾ ಬೆಳಿಗ್ಗೆ ಹತ್ತರ ಸುಮಾರಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದಳು. ಮಾಸೂರಿನಲ್ಲಿದ್ದ ಅವಳ ಅಣ್ಣ ತೀರಿಕೊಂಡಿದ್ದ. ತಂದೆಯಿಲ್ಲದ ಅವಳನ್ನು ಬೆಳೆಸಿ ಲಗ್ನ ಮಾಡಿಕೊಟ್ಟವನು. ಯಾವುದೋ ಸಣ್ಣ ಜಗಳಕ್ಕೆ ಎರಡು ವರ್ಷದಿಂದ ಅವನೊಡನೆ ಮಾತು ಬಿಟ್ಟಿದ್ದಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಶವ ಎತ್ತುತ್ತಾರೆ, ಎತ್ತಿದ ಮೇಲೆ ಹೆಂಗಸರು ಹಿಂದೆ ಹೋಗುವ ಪದ್ಧತಿ ಅವರಲ್ಲಿಲ್ಲ. ಮುಖ ನೋಡುವುದಾದರೆ ಮನೆಯಲ್ಲೇ ನೋಡಬೇಕು. ಬಾಡಿಗೆ ಗಾಡಿಗಳೆಲ್ಲ ಲಗ್ನಕ್ಕೆ ಹೋಗಿದ್ದವು. ಬಸ್ಸು ಹಿಡಿದರೆ ಹೊತ್ತಿಗೆ ಮುಟ್ಟುವುದಿಲ್ಲ. ಉಳಿದದ್ದು ನನ್ನ ಹಳೆಯ ಪೆಟ್ರೋಲ್ ಕಾರು.

ಅದು ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ನೋಡಿದೆ, ಸರಿ ಇದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿದೆ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರ್ ಕಿತ್ತು ಒರೆಸಿದೆ. ಒಂದೊಂದೇ ಪ್ಲಗ್ಗಿಗೆ ಕರೆಂಟು ಹಂಚುವ ಹೆಬ್ಬೆರಳುದ್ದದ ತುಂಡು ಅದು. ಸಂತೆಗೆ ಹೋದಾಗ ಗಾಡಿ ಕಳುವಾಗಬಾರದೆಂದು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದು ನನ್ನ ಹಳೆಯ ಚಾಳಿ. ಅದಿಲ್ಲದೆ ಗಾಡಿ ಯಾರ ಅಪ್ಪನಿಗೂ ಚಾಲೂ ಆಗುವುದಿಲ್ಲ. ಆಮೇಲೆ ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಪಾಲಿಶ್ ಕಾಗದದಿಂದ ಉಜ್ಜತೊಡಗಿದೆ.

ಅಷ್ಟರಲ್ಲಿ ಹಸೀನಾಳಿಗೆ ಮಾಸೂರಿನಿಂದ ಫೋನು ಬಂತು. ಕೇಳಿಸಿಕೊಂಡು ನನ್ನ ಮುಖ ನೋಡಿದಳು.

"ಕಾಕಾ, ಜಳಕಾ ಮಾಡ್ಸಿದ್ರಂತ. ಇನ್ನ ಕಫನ್ ಬಟ್ಟಿ ಹಾಕ್ತಾರ. ನನಗ ಮುಖ ಸಿಗ್ತೇತಿಲ್ರಿ?"

"ಸಿಗ್ತೇತಿ, ಗಾಡ್ಯಾಗ ಕುಂಡ್ರು ಸುಮ್ನ," ಎಂದು ಗದರಿದೆ. ನನಗೇ ನಂಬಿಕೆ ಇರಲಿಲ್ಲ. ಮುಚ್ಚಳ ಒತ್ತಿ, ಬಾನೆಟ್ ಬಡಿದು, ಕೀಲಿ ತಿರುವಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಹಿರೇಕೆರೂರು ದಾಟಿ ಮಾಸೂರು ಮುಟ್ಟುವತನಕ ಎಲ್ಲೂ ನಿಲ್ಲಿಸಲಿಲ್ಲ. ನಾವು ಹೋದಾಗ ಅಂಗಳದ ಗಂಡಸರು ಎತ್ತಲು ಅಣಿಯಾಗಿದ್ದರು. ಅವಳು ಓಡಿ ಒಳಹೋದಳು. ಅವಳು ಅತ್ತ ದನಿ ಬೀದಿಯವರೆಗೂ ಕೇಳಿತು.

ಬೇವಿನ ನೆರಳಲ್ಲಿ ನಿಂತು, ತಂಬಾಕಿನ ಡಬ್ಬಿಗೆಂದು ಅಂಗಿಯ ಜೇಬಿಗೆ ಕೈ ಹಾಕಿದೆ. ರೋಟರ್ ಸಿಕ್ಕಿತು.

ಬೆಳಿಗ್ಗೆ ಒರೆಸಿದ ಮೇಲೆ ಚಾಳಿಯಂತೆ ಜೇಬಿಗೆ ಹಾಕಿಕೊಂಡು ಮರೆತಿದ್ದೆ. ಬಾನೆಟ್ ಎತ್ತಿ ಮುಚ್ಚಳ ತೆಗೆದು ನೋಡಿದೆ. ಒಳಗೆ ರೋಟರ್ ಕೂರುವ ಬರಿಯ ಕಡ್ಡಿ, ಮೇಲೆ ಏನೂ ಇಲ್ಲ. ಕೀಲಿ ತಿರುವಿದರೆ ಬೆಳಗಿನ ಹಾಗೆಯೇ ಗರಗರ ಸದ್ದು, ಅಷ್ಟೇ. ರೋಟರ್ ಕೂರಿಸಿದ ಮೇಲೆ ಎಂಜಿನ್ ಹಿಡಿಯಿತು.

ನನ್ನ ಬಳಿ ಇನ್ನೊಂದು ರೋಟರ್ ಇರಲಿಲ್ಲ. ದಾರಿಯಲ್ಲಿ ಬಾನೆಟ್ ತೆರೆದಿಲ್ಲ, ಬೇರೆ ಯಾರೂ ಮುಟ್ಟಿಲ್ಲ. ಸವಣೂರಿನ ಮೆಕ್ಯಾನಿಕ್ ಗೆಳೆಯನಿಗೆ ಹೇಳಿದರೆ, "ಬಿಸಲಿಗೆ ನಿನ್ನ ತಲಿ ಕೆಟ್ಟೇತಿ, ಬಿಡಪಾ," ಎಂದು ನಕ್ಕ. ಅವನೆದುರೇ ರೋಟರ್ ತೆಗೆದು ಹತ್ತು ಸಲ ಕೀಲಿ ತಿರುವಿದೆ. ಒಮ್ಮೆಯೂ ಚಾಲೂ ಆಗಲಿಲ್ಲ. ಆಮೇಲೂ ಎಷ್ಟೋ ದಿನ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಅದನ್ನೇ ಮಾಡಿದ್ದೇನೆ. ಹೆಂಡತಿ ಕಂಡು ಬೈದಿದ್ದಾಳೆ. ಕಾರು ಮಾರಿಬಿಡೋಣ ಅನಿಸುತ್ತದೆ, ಮನಸ್ಸಾಗುವುದಿಲ್ಲ.

ಹೋದ ತಿಂಗಳು ತಡೆಯಲಾರದೆ ಹಸೀನಾಳಿಗೆ ಎಲ್ಲವನ್ನೂ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಬಳೆಗಳನ್ನು ದಾರಕ್ಕೆ ಪೋಣಿಸುತ್ತಲೇ ಕೇಳಿದಳು, "ನನಗ ನಮ್ಮಣ್ಣನ ಮುಖ ಸಿಕ್ತು, ಕಾಕಾ. ನಿಮಗ ಏನ್ ಬೇಕಾಗೇತ್ರಿ?"

ನಾನು ಎದ್ದು ಬಂದೆ.