ಎರಡನೇ ಪುಟದ ವಿಳಾಸ

ಜಾಯ್ಸ್ ಡಿಸೋಜ ಬಹಳ ವರ್ಷಗಳಿಂದ ಹೋಂಸ್ಟೇಗಳಿಗೆ ಬ್ಲಾಗ್ ಕಟ್ಟಿಕೊಡುತ್ತಿದ್ದಾಳೆ. ಹುಟ್ಟೂರು ಬಂಟ್ವಾಳ, ಬಾಡಿಗೆ ಮನೆ ಫೋರ್ಟ್ ಕೊಚ್ಚಿಯಲ್ಲಿ, ಕಚೇರಿ ಎರ್ನಾಕುಲಂನ ಒಂದು ಔಷಧಿ ಅಂಗಡಿಯ ಮೇಲ್ಮಹಡಿ. ಬೆಳಿಗ್ಗೆ ಬೋಟಿನಲ್ಲಿ ಯಾರಾದರೂ ಕೆಲಸವೇನೆಂದು ಕೇಳಿದರೆ 'ಕಂಪ್ಯೂಟರ್' ಎಂದಷ್ಟೇ ಹೇಳಿ ನೀರಿನ ಕಡೆ ತಿರುಗುತ್ತಾಳೆ. ಬರಹ ಬೇರೆಯವರದ್ದು, ಅದು ಪರದೆಯ ಮೇಲೆ ಕಾಣುವ ರೀತಿ ಮಾತ್ರ ತನ್ನದು, ಅದಕ್ಕೆ ಥೀಮ್ ಎನ್ನುತ್ತಾರೆ ಎಂದೆಲ್ಲ ವಿವರಿಸುವಷ್ಟರಲ್ಲಿ ಜೆಟ್ಟಿ ಬಂದಿರುತ್ತದೆ.

ಹೋಂಸ್ಟೇ ಮಾಲೀಕರ ಉತ್ಸಾಹ ಗೊತ್ತಿದ್ದದ್ದೇ. ದಡದ ಚೀನಾ ಮೀನುಬಲೆಯ ಬಗ್ಗೆ ಒಂದು, ಅಪ್ಪದ ಬಗ್ಗೆ ಒಂದು, ಮಳೆಯ ಬಗ್ಗೆ ಒಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪುಟಕ್ಕೆ ಹತ್ತು ಬರಹ ಹಿಡಿಯುವ ಬ್ಲಾಗಿನಲ್ಲಿ ಹೀಗಾದರೆ ಎರಡನೇ ಪುಟ ಹುಟ್ಟುವುದೇ ಇಲ್ಲ. ಜಾಯ್ಸ್ ಕೂಡ ಪರೀಕ್ಷೆಗೆಂದು ಮೂರು ಸುಳ್ಳು ಬರಹ ಹಾಕಿ, ಚೆನ್ನಾಗಿ ಕಂಡರೆ ಕೆಲಸ ಮುಗಿಯಿತು ಎನ್ನುತ್ತಿದ್ದಳು. ಕೆಳಗೆ 'ಹಳೆಯ ಬರಹಗಳು' ಎಂಬ ಗುಂಡಿ ಇಟ್ಟಿದ್ದಳು ನಿಜ. ಅದನ್ನು ಒತ್ತಿ ನೋಡುವ ಪ್ರಸಂಗ ಅವಳಿಗೆ ಬಂದಿರಲಿಲ್ಲ.

ಅದೇ ಥೀಮನ್ನು ತಿರುವನಂತಪುರದ ಒಂದು ಕನ್ನಡ ಸಂಘದ ಬ್ಲಾಗಿಗೂ ತೊಡಿಸಿದಳು. ಅಲ್ಲಿ ಸಂಘದ ಸೂಚನೆಗಳ ನಡುವೆ 'ಪಕ್ಕದ ಮನೆ' ಎಂಬ ಅಂಕಣವಿತ್ತು. ಬರೆಯುತ್ತಿದ್ದವರು ಕುಸುಮಾವತಿ. ಪುತ್ತೂರಿನವರು, ಬ್ಯಾಂಕಿನಿಂದ ನಿವೃತ್ತರಾಗಿ ಶ್ರೀಕಾರ್ಯಂನಲ್ಲಿ ಮಗನ ಮನೆಯಲ್ಲಿದ್ದಾರೆ. ನೆರೆಯ ಗ್ರೇಸಿ ಟೀಚರು, ಅವರ ಬಾತುಕೋಳಿ, ಆ ಬಾತುಕೋಳಿಯ ಮೇಲೆ ಇಡೀ ಓಣಿಯ ದೂರು, ಇದೇ ಅಂಕಣದ ವಸ್ತು. ವರ್ಷಗಟ್ಟಲೆ ಬರೆದು, ಒಬ್ಬರೂ ಓದುವುದಿಲ್ಲವೆಂದು ಬೇಸತ್ತು, ಹೋದ ವರ್ಷ ನಿಲ್ಲಿಸಿಬಿಟ್ಟಿದ್ದರು.

ಈ ಬೇಸಿಗೆ ರಜೆಯಲ್ಲಿ ಓದುವವರೊಬ್ಬರು ಸಿಕ್ಕಿದರು, ಮೊಮ್ಮಗಳು ನಿಹಾರಿಕಾ. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅಜ್ಜಿ ಹಟ ಹಿಡಿದು ಕಲಿಸಿದ ಅಕ್ಷರಗಳನ್ನು ಕೂಡಿಸಿಕೊಂಡು ಅವಳು ಫೋನಿನಲ್ಲಿ ಅಂಕಣದ್ದೇ ಪುಟ ತೆರೆದು ಓದತೊಡಗಿದಳು. ಹೊಸದು ಮೇಲೆ, ಹಳೆಯದು ಕೆಳಗೆ. ಹತ್ತನೆಯ ಬರಹದಲ್ಲಿ ಬಾತುಕೋಳಿ ಕಾಣೆಯಾಯಿತು. ಹಿಂದಕ್ಕೆ ಓದುವವಳಾದ್ದರಿಂದ ಮುಂದಿನ ಪುಟದಲ್ಲಿ ಅದು ಬದುಕಿ ಓಡಾಡಿಕೊಂಡಿರಬೇಕು. ಆಸೆಯಿಂದ ಗುಂಡಿ ಒತ್ತಿದಳು. ಬಂದದ್ದು ಸಂಘದ ಮಹಾಸಭೆಯ ಸೂಚನೆ.

ಕುಸುಮಾವತಿ ಮರುದಿನವೇ ಎರ್ನಾಕುಲಂಗೆ ಫೋನ್ ಮಾಡಿದರು.

"ಜಾಯ್ಸ್, ನಿನ್ನ ಆ ಗುಂಡಿ ಎಂತ ಮಾಡ್ತದೆ ಮಾರಾಯ್ತಿ? ಬಾತುಕೋಳಿ ಕೇಳಿದ್ರೆ ಮಹಾಸಭೆ ಕೊಡ್ತದೆ!"

"ಇಲ್ಲಿ ಸರಿ ಉಂಟಲ್ಲ ಕುಸುಮಕ್ಕ. ಈಗ ಒತ್ತಿ ನೋಡಿದೆ, ಎರಡನೇ ಪುಟ ಬಂತು."

"ಬಂತು, ಆದ್ರೆ ಯಾರ ಎರಡನೇ ಪುಟ? ನನ್ನದಲ್ಲ." ಆಮೇಲೆ ಅವರ ಧ್ವನಿ ಇಳಿಯಿತು. "ಮಗು 'ತೀರ್ನು' ಅಂತ ಹೇಳಿ ಫೋನ್ ಇಟ್ಟು ಎದ್ದುಹೋಯ್ತು. ಮುಗೀತು ಅಂತ. ಶಾಲೆ ಶುರುವಾದ್ರೆ ಅದು ಇನ್ನು ಕನ್ನಡ ಮುಟ್ತದಾ ಹೇಳು?"

ಜಾಯ್ಸ್‌ಗೆ ನಾಚಿಕೆಯಾಯಿತು. ಥೀಮಿನ ಕೋಡ್ ತೆರೆದು ನೋಡಿದಳು. ಬ್ಲಾಗಿನ ಮುಖ್ಯ ವಿಳಾಸದ ಬಾಲಕ್ಕೆ 'ಪುಟ ಎರಡು' ಎಂದು ತಾನೇ ಕೈಯಾರೆ ಅಂಟಿಸಿದ್ದಳು. ಮುಖಪುಟದಲ್ಲಿದ್ದವರಿಗೆ ಅದು ಸರಿ. ಅಂಕಣದೊಳಗೆ ಇದ್ದವರನ್ನೂ ಅದು ಹೊರಗೆ ತಂದು ಬಿಡುತ್ತಿತ್ತು. ಜಗಲಿಯಲ್ಲಿ ಕೂತವರು ಅಡುಗೆಮನೆಯ ದಾರಿ ಕೇಳಿದರೆ ಗೇಟಿಗೆ ಒಯ್ದು ನಿಲ್ಲಿಸಿದ ಹಾಗೆ. ಅಸಲಿಗೆ ವಿಳಾಸ ಕಟ್ಟುವ ಅಗತ್ಯವೇ ಇರಲಿಲ್ಲ. ಓದುಗರು ಈಗ ಇರುವ ಜಾಗದಿಂದ ಮುಂದಿನ ಪುಟದ ವಿಳಾಸ ಕೊಡು ಎಂದು ಬ್ಲಾಗಿನ ತಂತ್ರಾಂಶವನ್ನೇ ಕೇಳಿದರೆ ಸಾಕು, ಅದಕ್ಕೆಂದೇ ಒಂದು ಫಂಕ್ಷನ್ ಇದೆ. ಒಂದು ಸಾಲು ಅಳಿಸಿ ಒಂದು ಸಾಲು ಬರೆದಳು. ಈ ಸಲ ಪರೀಕ್ಷೆಗೆ ಒಂದೇ ಅಂಕಣದಲ್ಲಿ ಐವತ್ತು ಸುಳ್ಳು ಬರಹ ಹಾಕಿ, ಕೊನೆಯ ಪುಟದವರೆಗೂ ಒತ್ತುತ್ತಾ ಹೋದಳು.

"ಸರಿಯಾಗಿದೆ ಕುಸುಮಕ್ಕ, ಮಗುವಿಗೆ ಹೇಳಿ," ಎಂದು ಸಂದೇಶ ಕಳಿಸಿದಳು. ಉತ್ತರ ಬರಲಿಲ್ಲ. ಹುಡುಗಿಗೆ ಆಸಕ್ತಿ ಹೋಗಿರಬೇಕು ಎಂದುಕೊಂಡು ಇನ್ನೊಂದು ಹೋಂಸ್ಟೇಯ ಕೆಲಸಕ್ಕೆ ಕೂತಳು. ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ.

ಶಾಲೆ ಶುರುವಾಗುವ ಮುಂಚಿನ ವಾರ ಕುಸುಮಾವತಿಯ ಫೋನ್ ಬಂತು.

"ಕೊನೆಯ ಪುಟದವರೆಗೆ ಓದಿದಳು ಮಾರಾಯ್ತಿ. ಅಲ್ಲಿ ಗುಂಡಿ ಕಾಣ್ಲಿಲ್ಲವಂತೆ. ಕೆಟ್ಟುಹೋಯ್ತಾ ಅಂತ ಕೇಳಿದಳು. ಇಲ್ಲ, ನಾನು ಬರೆದದ್ದೇ ಅಷ್ಟು ಅಂದೆ."

"ಅದಕ್ಕೆ ಏನಂದಳು?"

"ಕನ್ನಡದಲ್ಲೇ ಹೇಳಿದಳು. 'ಮುಗೀತಲ್ಲ ಅಜ್ಜಿ, ಇನ್ನು ನೀನು ಬರಿ' ಅಂತ."

ಎರಡು ದಿನದ ಮೇಲೆ, ಬೋಟಿನಲ್ಲಿ ಕೂತು ಜಾಯ್ಸ್ ಬ್ಲಾಗ್ ತೆರೆದಳು. 'ಪಕ್ಕದ ಮನೆ'ಯ ಮೇಲ್ತುದಿಯಲ್ಲಿ ಹೊಸ ಬರಹ ಬಂದು ಕೂತಿತ್ತು. ಉಳಿದವೆಲ್ಲ ಒಂದೊಂದು ಸ್ಥಾನ ಕೆಳಗೆ ಸರಿದು, ಹತ್ತನೆಯದಾಗಿದ್ದ ಬಾತುಕೋಳಿ ಪುಟದಿಂದ ಮಾಯವಾಗಿತ್ತು. ಅವಳು 'ಹಳೆಯ ಬರಹಗಳು' ಒತ್ತಿದಳು. ಎರಡನೇ ಪುಟದ ಮೊದಲಲ್ಲೇ ಅದು ಇತ್ತು.